ವರ್ಷಕ್ಕೆ 56 ತಿರುವು

ಕಾರು ತರುವ ಮೊದಲೇ ಮನೆಯಲ್ಲಿ ಬೇಡಿಕೆಗಳು ತಯಾರಾಗಿದ್ದವು. ಹೆಂಡತಿಗೆ ಹಿಂದಿನ ಸೀಟು ಅಗಲ ಇರಬೇಕು. ಮಗಳಿಗೆ ದೊಡ್ಡ ಸನ್‌ರೂಫ್. ಅಮ್ಮನದು ಒಂದೇ ಮಾತು, "ಕುಲುಕಬಾರದು ಕಣೋ." ಊರಲ್ಲಿ ಎಲ್ಲಿ ನೋಡಿದರೂ ಕ್ರೆಟಾ ಕಾಣುತ್ತದೆ, ಸುಮ್ನೆ ಅದಕ್ಕೇ ಅಡ್ವಾನ್ಸ್ ಕೊಟ್ಟು ಬಂದಿದ್ದರೆ ಮನೆಯವರೆಲ್ಲ ಖುಷಿಯಾಗಿರುತ್ತಿದ್ದರು. ಒಂದು ಟೆಸ್ಟ್ ಡ್ರೈವ್ ಮಾಡಿಬಿಡೋಣ ಅಂತ ಇನ್ನೊಂದು ಶೋರೂಮಿಗೆ ಹೋದೆ ನೋಡಿ, ಅಲ್ಲೇ ಎಡವಿದ್ದು.

2021ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಸ್ಕೋಡಾ ಕುಶಾಕ್, ಫೋಕ್ಸ್‌ವ್ಯಾಗನ್ ಟೈಗುನ್ ಅಂತ ಎರಡು ಎಸ್‌ಯುವಿ ಬಂದವಲ್ಲ, ಎರಡೂ ಪುಣೆ ಹತ್ತಿರದ ಚಾಕಣದಲ್ಲಿ ತಯಾರಾಗುವ ಅಣ್ಣತಮ್ಮಂದಿರು. ಅಂಗಿ ಬೇರೆ, ಮೈ ಒಂದೇ. ಅವುಗಳ 1.5 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ನಿಗೆ 150 ಪಿಎಸ್ ಶಕ್ತಿ, 250 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ, ಅದೂ ಎಂಜಿನ್ ಇನ್ನೂ ನಿಧಾನ ತಿರುಗುವ 1600 ಆರ್‌ಪಿಎಂನಿಂದಲೇ. ಕಾಲಿಟ್ಟರೆ ಹಿಂದಿನಿಂದ ಯಾರೋ ತಳ್ಳಿದ ಹಾಗೆ. ನಾನು ತಂದದ್ದು ಯಾವ ಕಂಪನಿಯದು ಅನ್ನೋದು ಬೇಡ, ಇಂಥ ಜಾತಿಯದೇ ಅಂದುಕೊಳ್ಳಿ. ಅದೂ ಗೇರಿನದು. "ಸರ್, ಈ ಟ್ರಾಫಿಕ್ಕಲ್ಲಿ ಆಟೋಮ್ಯಾಟಿಕ್ ಬೇಡ್ವಾ?" ಅಂತ ಶೋರೂಮಿನ ಹುಡುಗ ಎರಡು ಸಲ ಕೇಳಿದ.

ಎತ್ತರದ ಗಾಡಿ ತಿರುವಿನಲ್ಲಿ ಹೊರಕ್ಕೆ ವಾಲುತ್ತದೆ. ವಾಲಬಾರದು ಅಂದರೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಬಿಗಿ ಮಾಡಬೇಕು. ಬಿಗಿ ಮಾಡಿದರೆ ಗುಂಡಿಯ ಸುದ್ದಿ ನೇರ ಸೊಂಟಕ್ಕೆ. ಮೆತ್ತಗಿದ್ದರೆ ಊರೊಳಗೆ ತೊಟ್ಟಿಲು, ಆದರೆ ಅದೇ ತೊಟ್ಟಿಲು ಘಾಟಿಯಲ್ಲಿ ಹಿಂದೆ ಕೂತವರಿಗೆ ವಾಂತಿ ಬರಿಸುತ್ತದೆ. ಈ ವಾದವನ್ನು ಮನೆಯಲ್ಲಿ ಮಂಡಿಸಿದ್ದೆ. ಯಾರೂ ಒಪ್ಪಲಿಲ್ಲ.

ನನ್ನ ಘಾಟಿ ಆಗುಂಬೆ. ಅದನ್ನಿಳಿದರೆ ಹೆಬ್ರಿಯಲ್ಲಿ ಮಾವನ ಮನೆ. 14 ಹೇರ್‌ಪಿನ್ ತಿರುವು, ವರ್ಷಕ್ಕೆ ಎರಡು ಸಲ ಹೋಗಿಬಂದರೆ ಒಟ್ಟು 56. ಉಳಿದ ದಿನವೆಲ್ಲ ಸಿಲ್ಕ್ ಬೋರ್ಡ್ ಜಂಕ್ಷನ್, ಕ್ಲಚ್ಚಿನ ಮೇಲೆ ಎಡಗಾಲು. ಲೆಕ್ಕ ಹಾಕಿದ್ದು ಹೆಂಡತಿ. "ಒಂದು ತಿರುವಿಗೆ ಎಷ್ಟು ಸಾವಿರ ಬಿತ್ತು ರೀ?" ಅಂದಳು. ಉತ್ತರ ಕೊಡಲಿಲ್ಲ, ಕೊಡುವಂಥದ್ದೂ ಅಲ್ಲ.

ಹೋದ ಸಲ ಮಾವ ಡಿಕ್ಕಿ ತುಂಬ ತೆಂಗಿನಕಾಯಿ ಹಾಕಿ ಕಳಿಸಿದ್ದರು. ಸೋಮೇಶ್ವರ ದಾಟಿ ಘಾಟಿ ಹತ್ತುವಾಗ ಮಂಜು. ಎರಡನೇ ಗೇರ್. ಸ್ಪೀಡೇನೂ ಇಲ್ಲ, ಜೋರಾಗಿ ಹೋಗುವ ಜಾಗವೂ ಅಲ್ಲ, ಮೇಲಿನಿಂದ ಬಸ್ಸು ಬಂದರೆ ಇಡೀ ತಿರುವು ಅದರದ್ದೇ, ನಾವು ಹಾರ್ನ್ ಹೊಡೆದು ಕೆಳಗೇ ಕಾಯಬೇಕು. ಆದರೂ ಸ್ಟೇರಿಂಗ್ ಎಷ್ಟು ತಿರುಗಿಸಿದೆನೋ ಮೂತಿ ಅಷ್ಟೇ ತಿರುಗಿ, ಆಮೇಲೆ ನಿಧಾನಕ್ಕೆ ಕಾಲಿಟ್ಟಾಗ ಗಾಡಿ ಗೊಣಗದೆ ಏರುತ್ತದಲ್ಲ, ಅದಕ್ಕೆ ಕನ್ನಡದಲ್ಲಿ ಒಂದು ಶಬ್ದ ಇರಬೇಕಿತ್ತು. ನಾನು ಹಿಗ್ಗುತ್ತಿದ್ದರೆ, ಡಿಕ್ಕಿಯಲ್ಲಿ ಕಾಯಿಗಳು ಪ್ರತಿ ತಿರುವಿಗೂ ಆ ಕಡೆಯಿಂದ ಈ ಕಡೆಗೆ ಡಬಡಬ ಉರುಳುತ್ತಿದ್ದವು. ಅಮ್ಮ ಮೇಲಿನ ಹಿಡಿ ಹಿಡಿದುಕೊಂಡು ಕೂತಿದ್ದಳು. ಮಗಳು ವಾಂತಿ ಮಾಡಲಿಲ್ಲ, ಇದನ್ನು ಯಾರೂ ಗಮನಿಸಲಿಲ್ಲ.

"ಇನ್ನೆಷ್ಟಿದೆಯೋ ತಿರುವು?"

"ಮುಗೀತಮ್ಮ."

ಅಮ್ಮ ಹಿಡಿ ಬಿಟ್ಟಳು. ಮುಂದೆ ತೀರ್ಥಹಳ್ಳಿ ದಾರಿ. ಮಂಜಿನಲ್ಲಿ ಮೊದಲ ಹಂಪ್ ಕಾಣಿಸಿದ್ದೇ ತಡ, ಮೂರು ಸೀಟಿನಿಂದ ಒಟ್ಟಿಗೇ ಕೂಗು ಬಂತು, "ಹಂಪೂ... ನಿಧಾನ!"