ಕೋಟೆಯೊಳಗೆ ರಾಕ್ಷಸ, ಅಂಗಳದಲ್ಲಿ ಅಡಿಕೆ

ಎಲ್ಡನ್ ರಿಂಗ್ ಎಂಬ ವಿಡಿಯೋ ಗೇಮಿನಲ್ಲಿ ಎಲ್ಲ ಉಂಟು. ಕುದುರೆ ಉಂಟು, ಡ್ರ್ಯಾಗನ್ ಉಂಟು, ಸತ್ತವರ ಕೈಕಾಲು ತಂದು ಮೈಗೆ ಅಂಟಿಸಿಕೊಂಡ ರಾಜನೂ ಉಂಟು. ಆಟವನ್ನು ಅರ್ಧದಲ್ಲಿ ನಿಲ್ಲಿಸುವ ಗುಂಡಿ ಮಾತ್ರ ಇಲ್ಲ. ಮೆನು ತೆರೆದರೆ ಪರದೆ ಮೇಲೆ ಪಟ್ಟಿ ಬರುತ್ತದೆ ನಿಜ, ಆದರೆ ಅದರ ಹಿಂದೆ ರಾಕ್ಷಸ ಆರಾಮವಾಗಿ ನಿಮ್ಮ ತಲೆಗೆ ಬಡಿಯುತ್ತಲೇ ಇರುತ್ತಾನೆ. 2022ರಲ್ಲಿ ಇದನ್ನು ಬಿಟ್ಟವರು ಜಪಾನಿನ ಫ್ರಮ್‌ಸಾಫ್ಟ್‌ವೇರ್‌ನವರು. ಕಾಸರಗೋಡಿನ ಅಡಿಕೆ ತೋಟದ ಮನೆಯೊಳಗೆ ಒಂದು ದಿನ ಕೂತಿದ್ದರೆ ಒಂದಲ್ಲ, ಎರಡು ಗುಂಡಿ ಇಡುತ್ತಿದ್ದರು.

ನಾನು ಸಿಕ್ಕಿಹಾಕಿಕೊಂಡದ್ದು ಕ್ಯಾಸಲ್ ಮಾರ್ನ್ ಎಂಬ ಕೋಟೆಯಲ್ಲಿ. ನಕ್ಷೆಯ ತೆಂಕು ತುದಿ, ಕಡಲ ಬದಿ. ಅಲ್ಲಿ ಚಾಕರಿ ಮಾಡಿಕೊಂಡಿದ್ದ ಮಿಸ್‌ಬಿಗಾಟನ್ ಎಂಬ ಅರ್ಧ ಮನುಷ್ಯ, ಅರ್ಧ ಪ್ರಾಣಿಯಂಥವರು ದಂಗೆ ಎದ್ದು ಕೋಟೆ ಹಿಡಿದಿದ್ದಾರೆ. ನ್ಯಾಯ ನೋಡಿದರೆ ತಪ್ಪು ಅವರದ್ದಲ್ಲ ಅಂತ ನನಗೆ ಈಗಲೂ ಅನಿಸುತ್ತದೆ. ಆದರೆ ಕತ್ತಿ ಹಿಡಿದು ಮೈಮೇಲೆ ಬಿದ್ದವರ ಹತ್ತಿರ ಕೂಲಿಯ ಮಾತು ಎತ್ತಲು ಆಗುವುದಿಲ್ಲ, ಅಲ್ವಾ?

ಕೋಟೆಗೆ ಹೋಗುವ ದಾರಿಯಲ್ಲಿ ಐರಿನಾ ಎಂಬ ಕಣ್ಣು ಕಾಣದ ಹುಡುಗಿ ಕೂತಿರುತ್ತಾಳೆ. ಅವಳ ಅಪ್ಪ ಎಡ್ಗರ್, ಆ ಕೋಟೆಯನ್ನು ನೋಡಿಕೊಳ್ಳುವವನು, ಒಳಗೇ ಉಳಿದಿದ್ದಾನೆ. ಅವನಿಗೆ ಕೊಡು ಅಂತ ಒಂದು ಕಾಗದ ಕೊಡುತ್ತಾಳೆ. ಅಷ್ಟು ಹೊತ್ತಿಗೆ ಅಜ್ಜಿಯ ಧಾರಾವಾಹಿ ಮುಗಿದಿತ್ತು. ಹಿಂದೆ ಕುರ್ಚಿಯಲ್ಲಿ ಕೂತು, "ಪಾಪ, ಯಾರ ಮಗಳಂತೆ?" ಅಂತ ಕೇಳಿದರು. ಸುಮ್ನೆ ಕೂತಿರಲಿ ಅಂತ ಕಥೆ ಹೇಳಿದೆ. ಆಮೇಲೆ ಬೆಳಿಗ್ಗೆ ಕಾಫಿ ಕೊಡುವಾಗಲೂ ಒಂದೇ ಪ್ರಶ್ನೆ: "ಕಾಗದ ಕೊಟ್ಟಾಯ್ತಾ?"

ಕೊಟ್ಟಾಯಿತು. ಅಪ್ಪ ಬರಲಿಲ್ಲ. ಕೋಟೆಯಲ್ಲಿ ಒಂದು ಕತ್ತಿ ಉಂಟು, ಅದು ದಂಗೆಯವರ ಕೈಗೆ ಹೋಗಬಾರದು, ನಾನು ಇಲ್ಲಿಂದ ಕದಲುವುದಿಲ್ಲ ಅಂದ. ಅಜ್ಜಿಗೆ ಸಿಟ್ಟು ಬಂತು. "ಮಗಳಿಗಿಂತ ಕತ್ತಿ ಹೆಚ್ಚಾಯಿತಾ ಅವನಿಗೆ? ನೀನು ಸ್ವಲ್ಪ ಜೋರು ಮಾಡಿ ಹೇಳು!" ಕೋಟೆಯ ಹಿಂದೆ ಕಲ್ಲಿನಿಂದ ಕಲ್ಲಿಗೆ ಹಾರಿ ಕಡಲ ತೀರಕ್ಕೆ ಇಳಿಯಬೇಕು. ನಾನು ಹಾರಿದ ಕ್ಷಣಕ್ಕೆ ಸರಿಯಾಗಿ ಅಜ್ಜಿ ಈ ಮಾತಿನ ಜೊತೆ ನನ್ನ ಬೆನ್ನಿಗೊಂದು ತಟ್ಟಿದರು. ಹೋದೆ.

ಅಮ್ಮನದ್ದು ಬೇರೆ ರಾಗ. "ಕೋಟೆಯೇ ಬೇಕಾದರೆ ಬೇಕಲಕ್ಕೆ ಹೋಗಿ ಬಾ, ಗಾಳಿಯಾದರೂ ಬೀಸುತ್ತದೆ." ಬೇಕಲವೂ ಕಡಲ ಬದಿಯದ್ದೇ. ಶಿವಪ್ಪ ನಾಯಕ 17ನೇ ಶತಮಾನದಲ್ಲಿ ಕಟ್ಟಿಸಿದ್ದು ಅನ್ನುತ್ತಾರೆ, ಸುಮಾರು 40 ಎಕರೆ, ಶತ್ರು ಒಂದೇ ಓಟದಲ್ಲಿ ನುಗ್ಗಬಾರದು ಅಂತ ಬಾಗಿಲ ದಾರಿಯನ್ನೇ ಸೊಟ್ಟ ಮಾಡಿದ್ದಾರೆ. ಈಗ ಅದು ಪೂರ್ತಿ ಮದುವೆ ಫೋಟೋ ತೆಗೆಯುವವರ ವಶದಲ್ಲಿದೆ. ಅವರನ್ನು ಬಿಡಿಸಲು ಯಾವ ಕತ್ತಿಯೂ ಸಾಲದು.

ಕೆಳಗೆ ತೀರದಲ್ಲಿ ಇರುವವನು ಕೋಟೆಯ ದೊಡ್ಡ ರಾಕ್ಷಸ, ಸಿಂಹದ ಮುಖ, ಕೆಂಪು ಕೇಸರ. ನಮ್ಮಪ್ಪ ಯಕ್ಷಗಾನದ ಹುಚ್ಚಿನವರು, ಟಿವಿ ಮುಂದೆ ನಿಂತು ಅವನನ್ನೊಮ್ಮೆ ನೋಡಿ, "ಬಣ್ಣದ ವೇಷ ಅಂದರೆ ದೊಂದಿ ಹಿಡಿದು, ರಾಳದ ಪುಡಿ ಎರಚಿ, ಜನರ ನಡುವಿನಿಂದ ಅಬ್ಬರ ಕೊಟ್ಟು ಬರಬೇಕು. ಇವನದ್ದೆಂಥದು, ಬಂದದ್ದೇ ಗೊತ್ತಾಗಲಿಲ್ಲ" ಅಂದರು. ಅವರು ಪರದೆಗೆ ಅಡ್ಡ ನಿಂತಿದ್ದರಿಂದ ನನಗೂ ಗೊತ್ತಾಗಲಿಲ್ಲ.

ಅಂತೂ ಒಂದು ಮಧ್ಯಾಹ್ನ ಕೈ ಕೂಡಿ ಬಂತು. ಸಿಂಹದ ಜೀವ ಕೂದಲೆಳೆಯಷ್ಟು ಉಳಿದಿತ್ತು, ಇನ್ನು ಎರಡು ಏಟು. ಆಗ ಅಂಗಳದಿಂದ ಅಮ್ಮನ ಕೂಗು: "ಮಳೆ ಬಂತು! ಅಡಿಕೆ!"

ನಮ್ಮಲ್ಲಿ ಈ ಕೂಗು ಕೇಳಿದ ಮೇಲೆ ಕೂತಿರುವವರು ಇಲ್ಲ. ಊಟಕ್ಕೆ ಬಂದ ನೆಂಟರೂ ಎಂಜಲು ಕೈಯಲ್ಲೇ ಓಡುತ್ತಾರೆ. ನಾನೂ ಕಂಟ್ರೋಲರನ್ನು ದಿಂಬಿನ ಮೇಲೆ ಎಸೆದು ಓಡಿದೆ. ಟಾರ್ಪಾಲಿನ ಒಂದು ಮೂಲೆ ಅಪ್ಪನ ಕೈಯಲ್ಲಿ, ಒಂದು ನನ್ನ ಕೈಯಲ್ಲಿ, ಗಾಳಿಗೆ ಅದು ಹೊಟ್ಟೆ ಉಬ್ಬಿಸಿಕೊಂಡು ನಮ್ಮನ್ನೇ ಎಳೆಯುತ್ತಿತ್ತು, ಕಾಲ್ಬೆರಳಿನ ಸಂದಿಗೆ ಅಡಿಕೆ ಸಿಕ್ಕಿ ಜಾರುತ್ತಿತ್ತು, ಇದರ ನಡುವೆ ಒಳಗಿನಿಂದ ನನ್ನನ್ನು ಯಾರೋ ಚಚ್ಚುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಅಂಚಿಗೆ ಕೊನೆಯ ಕಲ್ಲು ಇಡುವಾಗ ಮಳೆ ನಿಂತಿತು. ಒಟ್ಟು ಬಿದ್ದದ್ದು ನಾಲ್ಕು ಹನಿ. ಒಳಗೆ ಬಂದು ನೋಡಿದರೆ ಪರದೆಯಲ್ಲಿ ಕೆಂಪು ಅಕ್ಷರ, ಯೂ ಡೈಡ್. ಅದನ್ನು ಪೂರ್ತಿ ಓದುವ ಮೊದಲೇ ಕರೆಂಟು ಹೋಯಿತು.

ಸಿಂಹ ಸತ್ತದ್ದು ಮನೆಯವರೆಲ್ಲ ಮಧೂರು ದೇವಸ್ಥಾನಕ್ಕೆ ಹೋದ ದಿನ. ಎಷ್ಟು ಸುಲಭವಾಗಿ ಸತ್ತ ಅಂದರೆ ಸ್ವಲ್ಪ ಬೇಜಾರೇ ಆಯಿತು. ಎಡ್ಗರ್ ಕೊನೆಗೂ ಮಗಳನ್ನು ನೋಡಲು ಹೊರಟ. ಹಿಂದಿನಿಂದ ನಾನೂ ಹೋದೆ. ಐರಿನಾ ಸತ್ತು ಬಿದ್ದಿದ್ದಳು, ಅಪ್ಪ ಪಕ್ಕದಲ್ಲಿ ಕೂತಿದ್ದ. ಈ ಆಟ ಮಾಡಿದವರಿಗೆ ಕರುಣೆ ಅನ್ನುವುದು ಇಲ್ಲ.

ಸಂಜೆ ಅಜ್ಜಿ ಮಧೂರಿನ ಅಪ್ಪ ಪ್ರಸಾದದ ಪೊಟ್ಟಣ ನನ್ನ ಕೈಗಿಟ್ಟು, ಚಪ್ಪಲಿ ಬಿಚ್ಚುವ ಮೊದಲೇ ಕೇಳಿದರು. "ಅಪ್ಪ ಮಗಳು ಒಟ್ಟಾದರಾ?"

"ಒಟ್ಟಾದರು. ಈಗ ಮುಳ್ಳೇರಿಯದಲ್ಲಿ ಮನೆ ಮಾಡಿಕೊಂಡಿದ್ದಾರೆ" ಅಂದೆ. ಬಾಯಿಗೆ ಬಂದ ಊರು ಅದು.

ಅಜ್ಜಿಯ ತವರು ಮುಳ್ಳೇರಿಯದ ಹತ್ತಿರ. ಪೇಟೆಯಿಂದ ಯಾವ ಬದಿಗೆ, ಯಾರ ತೋಟದ ಪಕ್ಕ ಅಂತ ನಿನ್ನೆಯಿಂದ ಕೇಳುತ್ತಿದ್ದಾರೆ.