ವೋಕಿಂಗ್‌ನ ಸೊನ್ನೆಗೆ ನಾನು ಚಪ್ಪಾಳೆ ಹೊಡೆಯಲಿಲ್ಲ

2024ರ ಮೇ 2ರಂದು ಇಂಗ್ಲೆಂಡಿನ ಸರ್ರೆ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ವೋಕಿಂಗ್ ಬರೋ (ಕೌಂಟಿಯೊಳಗಿನ ಸ್ಥಳೀಯ ಆಡಳಿತದ ಒಂದು ಭಾಗ) ಕೌನ್ಸಿಲ್‌ಗೆ ಚುನಾವಣೆ ನಡೆಯಿತು. ಎಣಿಕೆ ಮುಗಿದಾಗ 30 ಸೀಟುಗಳ ಲೆಕ್ಕ ಹೀಗಿತ್ತು: ಲಿಬರಲ್ ಡೆಮಾಕ್ರಾಟ್ 24, ಪಕ್ಷೇತರರು 5, ಲೇಬರ್ 1. ಬಹುಕಾಲ ಆ ಊರನ್ನು ಆಳಿದ ಕನ್ಸರ್ವೇಟಿವ್ ಪಕ್ಷಕ್ಕೆ ಒಂದೂ ಇಲ್ಲ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಗೆಳೆಯರು "ಜನ ಸರಿಯಾಗಿ ಬುದ್ಧಿ ಕಲಿಸಿದರು" ಅಂತ ಹಾಕಿದ್ದೇ ಹಾಕಿದ್ದು. ಪಕ್ಕದ ಬರೋದಲ್ಲಿರುವ ನನಗೆ ಮಾತ್ರ ಅಷ್ಟೇನೂ ಖುಷಿಯಾಗಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ವೋಕಿಂಗ್ ಗೊತ್ತಿಲ್ಲದವರಿಗೆ ಎರಡು ಮಾತು. ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ಫಾರ್ಮುಲಾ ಒನ್ ಕಾರುಗಳ ಮೆಕ್‌ಲಾರೆನ್ ಕಂಪನಿ ಇರುವುದು ಇಲ್ಲೇ. 1889ರಲ್ಲಿ ಕಟ್ಟಿದ ಶಾಜಹಾನ್ ಮಸೀದಿ ಇರುವುದೂ ಇಲ್ಲೇ. 2021ರ ಜನಗಣತಿ ಪ್ರಕಾರ ಬರೋದ ಜನಸಂಖ್ಯೆ ಸುಮಾರು 1 ಲಕ್ಷದ 4 ಸಾವಿರ. ಇಂಥ ಊರಿನಲ್ಲಿ ಸ್ಟೇಷನ್ನಿಂದ ಹೊರಗೆ ಬಂದು ತಲೆ ಎತ್ತಿದರೆ ಕತ್ತು ನೋಯುವಷ್ಟು ಎತ್ತರದ ಟವರ್‌ಗಳು ಕಾಣುತ್ತವೆ. ಪಕ್ಕದಲ್ಲಿ ಶಾಪಿಂಗ್ ಸೆಂಟರ್, ಒಂದು ಹಿಲ್ಟನ್ ಹೋಟೆಲ್. ಇದೆಲ್ಲ ಯಾರೋ ಬಿಲ್ಡರ್ ಸ್ವಂತ ದುಡ್ಡಿನಲ್ಲಿ ಕಟ್ಟಿದ್ದಲ್ಲ. ಕೌನ್ಸಿಲ್ ಸಾಲ ತಂದು ಕಟ್ಟಿಸಿದ್ದು.

ಸಾಲ ಅಂದರೆ ಎಂಥ ಸಾಲ! ಸರ್ಕಾರದ ಪಬ್ಲಿಕ್ ವರ್ಕ್ಸ್ ಲೋನ್ ಬೋರ್ಡ್ ಕಡಿಮೆ ಬಡ್ಡಿಗೆ ಕೊಡುತ್ತಿತ್ತು, ಇವರು ತರುತ್ತಾ ಹೋದರು. 2010ರ ನಂತರ ಕೇಂದ್ರದಿಂದ ಬರುವ ಅನುದಾನ ಕಡಿಮೆಯಾಗುತ್ತಾ ಬಂದಿದ್ದರಿಂದ, "ನಾವೇ ಆಸ್ತಿ ಮಾಡಿ ಬಾಡಿಗೆಯಿಂದ ಕೌನ್ಸಿಲ್ ನಡೆಸೋಣ" ಅನ್ನುವ ಯೋಚನೆ ಇಂಗ್ಲೆಂಡಿನ ಹಲವು ಕೌನ್ಸಿಲ್‌ಗಳಿಗೆ ಬಂದಿತ್ತು. ವೋಕಿಂಗ್ ಎಲ್ಲರಿಗಿಂತ ಮುಂದೆ ಓಡಿತು. 2023ರ ಜೂನ್ 7ರಂದು ಕೌನ್ಸಿಲ್ 114ನೇ ಸೆಕ್ಷನ್ ನೋಟಿಸ್ ಹೊರಡಿಸಿತು. ಕಾನೂನು ಪ್ರಕಾರ ಮಾಡಲೇಬೇಕಾದ ಕೆಲಸ ಬಿಟ್ಟು ಬೇರೆ ಯಾವುದಕ್ಕೂ ಹೊಸದಾಗಿ ಖರ್ಚು ಮಾಡುವ ಹಾಗಿಲ್ಲ ಅಂತ ಅದರ ಅರ್ಥ. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ದಿವಾಳಿ. ಆ ವರ್ಷದ ಖರ್ಚಿಗೆ ಕೈಯಲ್ಲಿದ್ದ ಹಣ 1.6 ಕೋಟಿ ಪೌಂಡ್. ಕೊರತೆ 120 ಕೋಟಿ ಪೌಂಡ್. ಊರಿನ ಕೂಸು ಕಂದಮ್ಮಗಳನ್ನೂ ಸೇರಿಸಿ ಹಂಚಿದರೆ ತಲೆಗೆ ಹನ್ನೊಂದು ಸಾವಿರ ಪೌಂಡಿಗಿಂತ ಜಾಸ್ತಿ!

ಈಗ ಚುನಾವಣೆಗೆ ಬರೋಣ. ಸಾಲ ಬೆಳೆಯುತ್ತಿದ್ದ ವರ್ಷಗಳಲ್ಲಿ ಕೌನ್ಸಿಲ್ ಚುನಾವಣೆಗಳು ನಡೆಯಲಿಲ್ಲವಾ? ನಡೆದವು. ಬೇಕಾದಷ್ಟು ನಡೆದವು. ವೋಕಿಂಗ್‌ನಲ್ಲಿ 10 ವಾರ್ಡ್, ವಾರ್ಡಿಗೆ 3 ಜನ. ನಾಲ್ಕು ವರ್ಷದಲ್ಲಿ ಮೂರು ಸಲ ಮೂರನೇ ಒಂದು ಭಾಗ ಸೀಟುಗಳಿಗೆ ಚುನಾವಣೆ. ಇಷ್ಟು ಸಲ ಜನರ ಮುಂದೆ ಹೋಗುವ ಕೌನ್ಸಿಲ್ ಎಚ್ಚರವಾಗಿರಬೇಕಿತ್ತು ಅಲ್ವಾ? ಆದರೆ ಬಾಗಿಲು ತಟ್ಟಿದವರು ಮಾತಾಡಿದ್ದು ರಸ್ತೆ ಗುಂಡಿ, ಕಸದ ಬಿನ್, ಪಾರ್ಕಿಂಗ್ ಬಗ್ಗೆ. ಸಾಲದ ಲೆಕ್ಕ ಇದ್ದದ್ದು ನೂರಾರು ಪುಟದ ಕಡತಗಳಲ್ಲಿ. ಅದನ್ನು ಯಾರು ಓದುತ್ತಾರೆ? ಓದಿ ಹೇಳಲು ಆಡಿಟ್ ಕಮಿಷನ್ ಅಂತ ಒಂದು ಸಂಸ್ಥೆ ಇತ್ತು. ಅದನ್ನೂ 2015ರಲ್ಲಿ ಮುಚ್ಚಿದರು. ಆಮೇಲೆ ಲೆಕ್ಕಪರಿಶೋಧನೆ ಖಾಸಗಿ ಕಂಪನಿಗಳ ಪಾಲಾಯಿತು, ದೇಶದ ತುಂಬ ಕೌನ್ಸಿಲ್‌ಗಳ ಲೆಕ್ಕ ಬಾಕಿ ಬಿತ್ತು.

2022ರಲ್ಲಿ ಲಿಬರಲ್ ಡೆಮಾಕ್ರಾಟ್ ಅಧಿಕಾರಕ್ಕೆ ಬಂತು. ದಿವಾಳಿ ಘೋಷಣೆ 2023ರಲ್ಲಿ. ಸೊನ್ನೆ ಬಂದಿದ್ದು 2024ರಲ್ಲಿ. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಸಾಲದ ಪತ್ರಕ್ಕೆ ಸಹಿ ಬೀಳುತ್ತಿದ್ದಾಗ ಗೆಲ್ಲಿಸಿ, ಕಂತು ಕಟ್ಟುವಾಗ ಸೋಲಿಸಿದರೆ ಅದನ್ನು ಶಿಕ್ಷೆ ಅನ್ನಬಹುದು. ಕಾವಲು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಇನ್ನು ಶಿಕ್ಷೆ ಯಾರಿಗೆ ಬಿತ್ತು ನೋಡಿ. ಸೋತ ಕೌನ್ಸಿಲರ್ ಮನೆಗೆ ಹೋದ, ಅಷ್ಟೇ. 2024ರಲ್ಲಿ ಬರೋ ತನ್ನ ಪಾಲಿನ ಕೌನ್ಸಿಲ್ ಟ್ಯಾಕ್ಸನ್ನು (ಮನೆಗಳ ಮೇಲಿನ ಸ್ಥಳೀಯ ತೆರಿಗೆ) ಸುಮಾರು ಶೇ. 10ರಷ್ಟು ಏರಿಸಿತು. ಅಷ್ಟು ಏರಿಸಲು ಸರ್ಕಾರದಿಂದ ವಿಶೇಷ ಅನುಮತಿ ಬೇಕಾಯಿತು. ಸಾರ್ವಜನಿಕ ಶೌಚಾಲಯಗಳಿಗೆ ಬೀಗ ಬಿತ್ತು. ಸ್ವಯಂಸೇವಾ ಸಂಸ್ಥೆಗಳಿಗೆ ಕೊಡುತ್ತಿದ್ದ ಹಣಕ್ಕೆ ಕತ್ತರಿ ಬಿತ್ತು. ಶೌಚಾಲಯ ಮುಚ್ಚಿದರೆ ತೊಂದರೆ ಟವರ್ ಕಟ್ಟಿಸಿದವರಿಗಲ್ಲ. ಪೇಟೆಗೆ ನಡೆದು ಬರುವ ಎಪ್ಪತ್ತು ದಾಟಿದ ಅಜ್ಜಿಗೆ, ಮಗು ಕಟ್ಟಿಕೊಂಡು ಬರುವ ತಾಯಿಗೆ.

ಸೊನ್ನೆ ಬಂದಿದ್ದು ಪೂರ್ತಿ ಸಾಲದ ಕಾರಣಕ್ಕೇ ಅಂತಲೂ ನಾನು ನಂಬುವುದಿಲ್ಲ. ಆ ದಿನ ಇಡೀ ಇಂಗ್ಲೆಂಡಿನಲ್ಲಿ ಕನ್ಸರ್ವೇಟಿವ್ ಪಕ್ಷ 470ಕ್ಕೂ ಹೆಚ್ಚು ಕೌನ್ಸಿಲ್ ಸೀಟು ಕಳೆದುಕೊಂಡಿತು. ರಿಷಿ ಸುನಕ್ ಸರ್ಕಾರದ ಮೇಲಿನ ಬೇಸರ ಕಸದ ಬಿನ್ನಿನವರೆಗೂ ಹರಿದಿತ್ತು. ಎರಡು ತಿಂಗಳಲ್ಲಿ ವೋಕಿಂಗ್ ಲೋಕಸಭಾ ಕ್ಷೇತ್ರವೂ ಕೈಬಿಟ್ಟಿತು. 1950ರಲ್ಲಿ ಕ್ಷೇತ್ರ ಹುಟ್ಟಿದಾಗಿನಿಂದ ಮೊದಲ ಸಲ! (ಲೋಕಸಭೆ ಅಂತ ಸುಮ್ನೆ ನಮ್ಮ ರೂಢಿಗೆ ಬರೆದೆ, ಇಲ್ಲಿ ಹೌಸ್ ಆಫ್ ಕಾಮನ್ಸ್.) ಗೆದ್ದ ವಿಲ್ ಫಾರ್ಸ್ಟರ್ ಅದೇ ಕೌನ್ಸಿಲ್‌ನಲ್ಲಿ ಕೂತಿದ್ದವರು.

ಇನ್ನೊಂದು ವಿಷಯ. ಸೀಟು ಸೊನ್ನೆ ಅಂದರೆ ಓಟು ಸೊನ್ನೆ ಅಂತಲ್ಲ. ವಾರ್ಡಿನಲ್ಲಿ ಮೊದಲು ಬಂದವನಿಗಷ್ಟೇ ಸೀಟು, ಎರಡನೆಯವನ ಓಟುಗಳೆಲ್ಲ ಗಾಳಿಗೆ. 2018ರಲ್ಲಿ ಲಂಡನ್ನಿನ ಲೂಯಿಶಮ್‌ನಲ್ಲಿ ಲೇಬರ್ 54ಕ್ಕೆ 54 ಗೆದ್ದಿತು, ನ್ಯೂಹ್ಯಾಮ್‌ನಲ್ಲಿ 60ಕ್ಕೆ 60. ಅಲ್ಲಿ ಬೇರೆಯವರಿಗೆ ಯಾರೂ ಓಟು ಹಾಕಲಿಲ್ಲವಾ? ಹಾಕಿದ್ದರು. ಯಾವ ಪಕ್ಷವಾದರೂ ಇರಲಿ, ಎದುರು ಬೆಂಚಿನಲ್ಲಿ ಕೂತು "ಈ ಸಾಲ ಯಾಕೆ, ತೀರಿಸೋದು ಹೇಗೆ" ಅಂತ ಕೇಳುವವರು ತೆಳುವಾದಷ್ಟೂ ನನಗೆ ಭಯ. ವೋಕಿಂಗ್ ಮುಳುಗಿದ್ದೇ ಕೇಳುವವರು ಸಾಲದೆ. ಅದಕ್ಕೆ ಮದ್ದು ಎಂದು ಇನ್ನೊಂದು ಪಕ್ಷಕ್ಕೆ 24 ಸೀಟು ಕೊಟ್ಟು ಕೂತರು ಅಲ್ಲಿಯ ಜನ.

ನಮ್ಮವರ ಬಗ್ಗೆಯೂ ಒಂದು ಮಾತು. ಕಲಬುರಗಿ ಕಡೆಯ ನೀರಜ್ ಪಾಟೀಲ್ 2010ರಲ್ಲಿ ಲಂಡನ್ನಿನ ಲ್ಯಾಂಬೆತ್ ಬರೋದ ಮೇಯರ್ ಆದಾಗ ಕನ್ನಡಿಗರೆಲ್ಲ ಹೆಮ್ಮೆಪಟ್ಟೆವು. ಸರಿಯೇ. ಆದರೆ ಇಲ್ಲಿ ಕೆಲಸದ ವೀಸಾದಲ್ಲಿರುವ ಎಷ್ಟೋ ಕನ್ನಡಿಗರಿಗೆ ತಮಗೆ ಓಟಿದೆ ಅನ್ನುವುದೇ ಗೊತ್ತಿಲ್ಲ. ಕಾಮನ್‌ವೆಲ್ತ್ ದೇಶದ ಪ್ರಜೆಗಳಾಗಿ ಇಲ್ಲಿ ವಾಸಕ್ಕೆ ಅನುಮತಿ ಇದ್ದರೆ ಸಾಕು, ಕೌನ್ಸಿಲ್ ಚುನಾವಣೆಗೂ ಹಾಕಬಹುದು, ಪಾರ್ಲಿಮೆಂಟಿಗೂ ಹಾಕಬಹುದು. ಹೆಸರು ನೋಂದಾಯಿಸಬೇಕು, ಅಷ್ಟೇ. 2023ರ ಮೇನಲ್ಲಿ ಮೊದಲ ಸಲ ಫೋಟೋ ಇರುವ ಗುರುತಿನ ದಾಖಲೆ ಕೇಳಿದಾಗ ನಾನು ತೋರಿಸಿದ್ದು ಭಾರತದ ಪಾಸ್‌ಪೋರ್ಟ್. ಮೇಜಿನ ಹಿಂದಿದ್ದ ಹೆಂಗಸು ಫೋಟೋ ನೋಡಿದರು, ಮುಖ ನೋಡಿದರು, ಪಟ್ಟಿಯಲ್ಲಿ ಸ್ಕೇಲ್ ಇಟ್ಟು ನನ್ನ ಹೆಸರಿನ ಮೇಲೆ ಗೆರೆ ಎಳೆದರು. ಬೆರಳಿಗೆ ಶಾಯಿ ಇಲ್ಲ, ಯಂತ್ರ ಇಲ್ಲ. ದಾರ ಕಟ್ಟಿದ ಗಿಡ್ಡ ಪೆನ್ಸಿಲ್ಲಿನಿಂದ ಕತ್ತರಿ (X) ಗುರುತು ಹಾಕಿ ಬಂದೆ.

ವೋಕಿಂಗ್ ಬರೋ ಕೌನ್ಸಿಲ್‌ಗೆ ಇನ್ನು ಹಾಗೆ ಇಡೀ ಊರು ಸಾಲಾಗಿ ನಿಂತು ಓಟು ಹಾಕುವುದಿಲ್ಲ. 2025ರ ಅಕ್ಟೋಬರಿನಲ್ಲಿ ಸರ್ಕಾರ ಸರ್ರೆಯನ್ನು ಎರಡು ಹೊಸ ಕೌನ್ಸಿಲ್ ಮಾಡುವ ತೀರ್ಮಾನ ಪ್ರಕಟಿಸಿತು: ಪೂರ್ವ ಸರ್ರೆ, ಪಶ್ಚಿಮ ಸರ್ರೆ. ವೋಕಿಂಗ್, ಗಿಲ್ಡ್‌ಫರ್ಡ್, ವೇವರ್ಲಿ, ಸರ್ರೆ ಹೀತ್, ರನ್ನಿಮೀಡ್, ಸ್ಪೆಲ್‌ಥೋರ್ನ್ ಎಲ್ಲ ಪಶ್ಚಿಮಕ್ಕೆ. 2027ರ ಏಪ್ರಿಲ್‌ಗೆ ಹಳೆಯ ಬರೋಗಳು ಮುಚ್ಚುವುದು ಅಂತ ಯೋಜನೆ. ವೋಕಿಂಗ್ ಸಾಲದಲ್ಲಿ 50 ಕೋಟಿ ಪೌಂಡ್ ತಾನು ತೀರಿಸುವುದಾಗಿ ಸರ್ಕಾರ ಹೇಳಿದೆ. ಉಳಿದದ್ದು ಹೊಸ ಕೌನ್ಸಿಲ್ ತಲೆಗೆ. ಸ್ಪೆಲ್‌ಥೋರ್ನ್ ಕೂಡ ಆಫೀಸು ಕಟ್ಟಡಗಳನ್ನು ಕೊಂಡು 100 ಕೋಟಿ ಪೌಂಡಿಗೂ ಮೀರಿ ಸಾಲ ಮಾಡಿಕೊಂಡ ಬರೋ, ಅದೂ ಇದೇ ಮನೆಗೆ ಬರುತ್ತದೆ. ವೇವರ್ಲಿಯ ಹಳ್ಳಿಯಲ್ಲಿ ಕೂತು ಒಮ್ಮೆಯೂ ವೋಕಿಂಗ್ ಟವರ್ ನೋಡದವರು ಈಗ ಕೇಳುತ್ತಿರುವುದು ಒಂದೇ: ನಮ್ಮ ಟ್ಯಾಕ್ಸ್ ಬಿಲ್ಲಿನಲ್ಲಿ ಇದು ಎಷ್ಟು? ಆ ಪ್ರಶ್ನೆಗೆ ಯಾವ ಪಕ್ಷದ ಕರಪತ್ರದಲ್ಲೂ ನೇರ ಉತ್ತರ ನಾನಂತೂ ಕಂಡಿಲ್ಲ.