ಊಟದ ಊಟಕ್ಕೂ ಊಟ

ಮನೆಯ ಕಡಲಮೀನಿನ ತೊಟ್ಟಿಯ ಪಂಪು ನಿಲ್ಲಿಸಿ, ಹೆಪ್ಪುಗಟ್ಟಿದ್ದನ್ನು ಕರಗಿಸಿ ಸೋಸಿದ ಮೈಸಿಸ್ ಎಂಬ ಪುಟ್ಟ ಸೀಗಡಿಯನ್ನು ಪಿಪೆಟ್ಟಿಗೆ ಎಳೆದುಕೊಂಡು, ಮೊಣಕೈವರೆಗೆ ಕೈಯನ್ನು ಉಪ್ಪುನೀರಿಗಿಳಿಸಿ, ಉಸಿರು ಬಿಗಿಹಿಡಿದು ಮ್ಯಾಂಡರಿನ್ ಎಂಬ ಪುಟ್ಟ ಬಣ್ಣದ ಮೀನಿನ ಮೂತಿಯ ಮುಂದೆ ಒಂದೇ ಒಂದು ತುಣುಕು ಬಿಡಿ. ಅದು ಏನು ಮಾಡುತ್ತದೆ ಗೊತ್ತೇ? ನೋಡುತ್ತದೆ. ಎಡಗಣ್ಣಿನಿಂದ ಒಮ್ಮೆ, ಬಲಗಣ್ಣಿನಿಂದ ಇನ್ನೊಮ್ಮೆ. ಸಹಿ ಹಾಕುವ ಮನಸ್ಸಿಲ್ಲದ ಅಧಿಕಾರಿ ಕಡತ ನೋಡುತ್ತಾರಲ್ಲ, ಹಾಗೆ. ಅರ್ಧ ಇಂಚು ಮುಂದೆ ಬರುತ್ತದೆ, ನಿಲ್ಲುತ್ತದೆ, ಬಾಯಿಯನ್ನು ಒಂದಿಷ್ಟು ಚಾಚುತ್ತದೆ. ಆಯಿತು, ಇನ್ನೇನು ತಿಂದೇಬಿಟ್ಟಿತು ಅನ್ನುವಾಗ ಹಿಂದೆ ಸರಿದು, ಪಕ್ಕದ ಬೋಳು ಕಲ್ಲಿಗೆ ಮೂತಿ ಕುಕ್ಕುತ್ತದೆ. ಆ ಕಲ್ಲಿನ ಮೇಲೆ ನಮ್ಮ ಕಣ್ಣಿಗಂತೂ ಏನೂ ಇಲ್ಲ.

ತುಣುಕು ಮರಳಿಗೆ ಬೀಳುವಷ್ಟರಲ್ಲಿ ಕ್ಲೌನ್ ಮೀನು ಹಾಜರು. ಎರಡನೆಯ ತುಣುಕು ಬಿಟ್ಟರೆ ಕ್ಲೀನರ್ ಸೀಗಡಿ ನಮ್ಮ ಕೈಯ ಮೇಲೇ ನಡೆದುಬಂದು ಪಿಪೆಟ್ಟಿನ ಬಾಯಿಗೇ ಕೈ ಹಾಕುತ್ತದೆ. ಮೂರನೆಯದು ಹರ್ಮಿಟ್ ಏಡಿಯ ಪಾಲು. ಯಾರಿಗಾಗಿ ಇಷ್ಟೆಲ್ಲ ನಡೆಯುತ್ತಿದೆಯೋ ಆ ಮಹಾಶಯರು ಬಂಡೆಯ ಹಿಂದೆ ಹೋಗಿಯಾಗಿರುತ್ತದೆ. ಹತ್ತು ನಿಮಿಷ ಬಗ್ಗಿ ನಿಂತವರ ಸೊಂಟದ ಕಥೆ ಕೇಳುವವರಿಲ್ಲ.

ತಪ್ಪು ಮೀನಿನದಲ್ಲ, ಅದೇ ಹೊಟ್ಟೆ ಉರಿಸುವ ಸಂಗತಿ. ಕಡಲಿನಲ್ಲಿ ಅದು ಹಗಲಿಡೀ ಕಲ್ಲಿನ ಸಂದುಗೊಂದುಗಳಲ್ಲಿ ಕಣ್ಣಿಗೆ ಬೀಳುವುದೇ ಕಷ್ಟವಾದಷ್ಟು ಪುಟ್ಟ ಜೀವಿಗಳಾದ ಕೋಪೆಪಾಡ್‌ಗಳನ್ನು ಒಂದೊಂದಾಗಿ ಹೆಕ್ಕಿ ಬದುಕುವ ಜೀವ. ಮಿಸುಕುವುದು ಊಟ, ಮಿಸುಕದ್ದು ಕಸ: ಇಷ್ಟೇ ಅದರ ಶಾಸ್ತ್ರ. ಸತ್ತ ಮೈಸಿಸ್ ಎಷ್ಟೇ ಪುಷ್ಟಿಕರವಾದರೂ ಆ ಶಾಸ್ತ್ರದ ಪ್ರಕಾರ ಕಸವೇ. ಹಳಬರು 250–300 ಲೀಟರಿನ, ವರ್ಷ ತುಂಬಿದ, ಲೈವ್ ರಾಕ್, ಅಂದರೆ ಸಣ್ಣ ಜೀವಿಗಳು ಮನೆಮಾಡಿದ ಕಲ್ಲು, ಧಾರಾಳವಾಗಿರುವ ತೊಟ್ಟಿ ಬೇಕು ಅನ್ನುವುದು ಇದಕ್ಕೇ. 80 ಲೀಟರಿನ ತೊಟ್ಟಿಯಲ್ಲಿ ಒಂದು ಮ್ಯಾಂಡರಿನ್ ಕೆಲವೇ ವಾರಗಳಲ್ಲಿ ಕಲ್ಲುಗಳನ್ನು ಗುಡಿಸಿಟ್ಟುಬಿಡುತ್ತದೆ. ಆಮೇಲೂ ಕುಕ್ಕುತ್ತಲೇ ಇರುತ್ತದೆ. ಕುಕ್ಕುತ್ತಿದೆ ಅಂದರೆ ಸಿಗುತ್ತಿದೆ ಅಂತಲ್ಲ, ಹೊಟ್ಟೆ ನೋಡಬೇಕು. ಎದುರಿನಿಂದ ನೋಡಿದಾಗ ಹೊಟ್ಟೆ ದುಂಡಗಿರಬೇಕು. ಒಳಕ್ಕೆ ಸೆಳೆದುಕೊಂಡು, ಬೆನ್ನಿನ ಗೆರೆ ಎದ್ದು ಕಂಡರೆ ಉಪವಾಸ ಆಗಲೇ ಶುರುವಾಗಿದೆ.

ಆದ್ದರಿಂದ ಮೊದಲು ಜೀವಂತ ಊಟ. ಒಂದು ಲೀಟರ್ ನೀರಿಗೆ ಸುಮಾರು 25 ಗ್ರಾಂ ಉಪ್ಪು, ಅರ್ಧ ಟೀ ಚಮಚ ಆರ್ಟೀಮಿಯಾ ಎಂಬ ಪುಟ್ಟ ಉಪ್ಪುನೀರ ಸೀಗಡಿಯ ಮೊಟ್ಟೆ, 26–28 ಡಿಗ್ರಿ ಬಿಸಿ, ಮೇಲಿನಿಂದ ಬೆಳಕು, ತಳದಿಂದ ಜೋರಾಗಿ ಗಾಳಿ. ಸುಮಾರು ಒಂದು ದಿನದಲ್ಲಿ ಕಿತ್ತಳೆ ಬಣ್ಣದ ಮರಿಗಳು ಏಳುತ್ತವೆ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಚಿಪ್ಪು ಮೇಲೆ, ಮರಿ ಕೆಳಗೆ. ತಳದಿಂದ ಎಳೆದು 120 ಮೈಕ್ರಾನ್ ಜಾಲರಿಯಲ್ಲಿ ತೊಳೆದೇ ತೊಟ್ಟಿಗೆ ಹಾಕಬೇಕು; ಆ ಗಲೀಜು ನೀರು ಹವಳಗಳಿಗೆ ಬೇಡ. ಮರಿಗಳನ್ನು ನಾಳೆಗೆ ಅಂತ ಎತ್ತಿಟ್ಟರೆ ಅವು ತಮ್ಮ ಮೈಯ ಸತ್ವವನ್ನು ತಾವೇ ತಿಂದು ಮುಗಿಸಿರುತ್ತವೆ. ಮೀನಿಗೆ ಸಿಗುವುದು ಈಜುವ ಖಾಲಿ ಚೀಲ.

ಈ ಮರಿಗಳ ನಡುವೆ ಸಣ್ಣಗೆ ಹೆಚ್ಚಿದ ಮೈಸಿಸ್ ಬೆರೆಸಿ, ದಿನದಿಂದ ದಿನಕ್ಕೆ ಅದರ ಪಾಲು ಹೆಚ್ಚಿಸುತ್ತ ಹೋಗುವುದು ಉಪಾಯ. ಕಳ್ಳರ ಕಾಟಕ್ಕೆ ಒಂದು ಪುಟ್ಟ ಗಾಜಿನ ಜಾಡಿಯನ್ನು ಮರಳಿನ ಮೇಲೆ ಅಡ್ಡ ಮಲಗಿಸಿ, ಗಟ್ಟಿ ಕೊಳವೆಯಿಂದ ಊಟವನ್ನು ನೇರ ಅದರೊಳಗೆ ಇಳಿಸಬೇಕು. ತೆವಳುವ ಮ್ಯಾಂಡರಿನ್ ಒಳಹೋಗುತ್ತದೆ, ಮೇಲೆ ಈಜುವ ಮೀನುಗಳು ಹಿಂಜರಿಯುತ್ತವೆ. ಹರ್ಮಿಟ್ ಏಡಿ ಹಿಂಜರಿಯುವ ಜಾತಿಯಲ್ಲ. ಅದು ಒಳಗೇ ಕೂತು ಬಾಗಿಲಿಗೆ ಅಡ್ಡವಾದರೆ ಎತ್ತಿ ತೊಟ್ಟಿಯ ಆ ತುದಿಗೆ ಬಿಡಿ, ಮತ್ತೆ ನಡೆದು ಬರಲಿ.

ಪಂಪು ನಿಲ್ಲಿಸುವಾಗ, ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರನ್ನೂ ನಿಲ್ಲಿಸಿ. ಮೇಲಿನ ತೊಟ್ಟಿಯ ನೀರು ಕೆಳಗಿನ ತೊಟ್ಟಿಯಾದ ಸಂಪಿಗಿಳಿದು ಮಟ್ಟ ಏರಿದರೆ, ಓಡುತ್ತಿರುವ ಸ್ಕಿಮ್ಮರ್ ತನ್ನ ಬಟ್ಟಲಿನ ಕೊಳೆಯನ್ನೆಲ್ಲ ಉಕ್ಕಿಸಿ ವಾಪಸ್ ಕೊಡುತ್ತದೆ. ಪಂಪನ್ನು ತಾನಾಗಿ ಮತ್ತೆ ಶುರುಮಾಡುವ ಟೈಮರ್ ಇದ್ದರೆ ಕ್ಷೇಮ, ಮೀನಿನ ಮುಖ ನೋಡುತ್ತ ನಿಂತವರಿಗೆ ಸ್ವಿಚ್ಚಿನ ನೆನಪಿರುವುದಿಲ್ಲ.

ಇಷ್ಟಾದರೂ ಕೋಪೆಪಾಡ್ ತಪ್ಪಿದ್ದಲ್ಲ. ಅವನ್ನು ಬೇರೆ ಜಾಡಿಯಲ್ಲಿ, ನಿಧಾನ ಗುಳ್ಳೆಯಲ್ಲಿ ಬೆಳೆಸಬೇಕು. ಅವುಗಳ ಊಟಕ್ಕೆ ನ್ಯಾನೋಕ್ಲೋರಾಪ್ಸಿಸ್‌ನಂಥ ಹಸಿರು ಸೂಕ್ಷ್ಮಪಾಚಿ ಬೇಕು. ಆ ಪಾಚಿಗೆ ಮತ್ತೊಂದು ಬಾಟಲಿ, ಬೆಳಕು, ಅದರದೇ ಗೊಬ್ಬರ. ಮೀನು ಸಾಕುತ್ತೇವೆ ಅಂತ ಹೊರಟವರು ಕೊನೆಗೆ ಮೀನಿನ ಊಟದ ಊಟಕ್ಕೆ ಗೊಬ್ಬರ ಅಳೆಯುತ್ತ ಕೂರುತ್ತಾರೆ. ಕೋಪೆಪಾಡ್ ಜಾಡಿ ತಿಳಿಹಸಿರಾಗಿದ್ದರೆ ಸಾಕು. ನೀರಿನ ಹಸಿರು ಹೋಗಿ ತಿಳಿಯಾದ ಮೇಲಷ್ಟೇ ಮತ್ತೆ ಪಾಚಿ ಹಾಕಿ. ಪಾಚಿಗೂ ಕೋಪೆಪಾಡ್‌ಗೂ ಒಂದೇ ಪಿಪೆಟ್ ಬಳಸಿದರೆ ಪಾಚಿಯ ಬಾಟಲಿಯೂ ಸದ್ದಿಲ್ಲದೆ ಕೋಪೆಪಾಡ್ ಬಾಟಲಿಯಾಗುತ್ತದೆ. ಕೋಪೆಪಾಡ್ ತೊಟ್ಟಿಗೆ ಬಿಡುವುದು ದೀಪ ಆರಿದ ಮೇಲೆ, ಕಲ್ಲಿನ ಬುಡಕ್ಕೆ. ಹಗಲಲ್ಲಿ ಬಿಟ್ಟರೆ ಕ್ಲೌನ್ ಮೀನಿಗೆ ಔತಣ.

ಬಯ್ಯಲು ಬಾಯಿ ತೆರೆದಾಗಲೇ ಮ್ಯಾಂಡರಿನ್ ಗಾಜಿನ ಹತ್ತಿರ ಬಂದು ರೆಕ್ಕೆ ಬಿಡಿಸುತ್ತದೆ. ಹೆಚ್ಚಿನ ಮೀನುಗಳ ನೀಲಿ ಬರೀ ಬೆಳಕಿನಾಟ. ಇದರ ಚರ್ಮದಲ್ಲಿರುವುದು ನಿಜವಾದ ನೀಲಿ ವರ್ಣದ್ರವ್ಯ. ಇದರ ಹೆಣ್ಣು ಗಂಡು ಕಡಲಿನಲ್ಲಿ ಮುಸ್ಸಂಜೆಗೆ ಮೈಗೆ ಮೈ ತಾಗಿಸಿ ಬಂಡೆಯಿಂದ ಮೇಲೇರುತ್ತವೆ. ಇಲ್ಲಿ ಏರಿದರೆ ಒಂದು ಗೇಣಿಗೇ ನೀರು ಮುಗಿಯುತ್ತದೆ. ಸಣ್ಣ ತೊಟ್ಟಿಗೆ ಇದನ್ನು ತರಲೇಬಾರದು ಅನ್ನುವವರ ಮಾತು ಆಗ ಸರಿ ಅನ್ನಿಸುತ್ತದೆ. ತಂದೇ ತರುತ್ತೇವೆ ಅನ್ನುವವರು ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಮರಿಯನ್ನು ಹುಡುಕಲಿ, ಅದು ಹೆಪ್ಪುಗಟ್ಟಿದ ಊಟ ತಿನ್ನುವುದನ್ನು ಕಣ್ಣಾರೆ ನೋಡಿಯೇ ತರಲಿ.

ಇನ್ನೊಂದು ಮಾತು. ಫ್ರಿಜ್ಜಿನಲ್ಲಿಟ್ಟ ಪಾಚಿ ಬಾಟಲಿಯನ್ನು ದಿನಾ ಒಮ್ಮೆ ಅಲ್ಲಾಡಿಸಿ, ಇಲ್ಲದಿದ್ದರೆ ತಳಕ್ಕೆ ಕೂತು ಕೊಳೆಯುತ್ತದೆ. ಅದರ ಮೇಲೆ ದಪ್ಪಕ್ಷರದಲ್ಲಿ ಹೆಸರನ್ನೂ ಬರೆಯಿರಿ, ಆರೋಗ್ಯದ ಜ್ಯೂಸ್ ಅಂತ ಮನೆಯವರು ಯಾರಾದರೂ ಲೋಟಕ್ಕೆ ಬಗ್ಗಿಸುವ ಮೊದಲು.